ನಿಂತಾಗ ಏನ ಹೊಚ್ಕೋತೀರಿ?

ಓಟದ ಹುಚ್ಚು ಹಿಡಿದ ಬೆಂಗಳೂರಿನ ಯಾವ ಗೆಳೆಯರ ಮನೆಗೆ ಹೋದರೂ ಒಂದು ಪುಸ್ತಕ ಕಣ್ಣಿಗೆ ಬೀಳುತ್ತದೆ: ಕ್ರಿಸ್ಟೋಫರ್ ಮೆಕ್‌ಡೂಗಲ್ ಬರೆದ ‘ಬಾರ್ನ್ ಟು ರನ್’. 2009ರಲ್ಲಿ ಬಂದದ್ದು. ಬೇರೆ ಏನೂ ಓದದವರೂ ಇದನ್ನು ಓದಿರುತ್ತಾರೆ, ಓದಿ ಬೂಟು ಬದಲಿಸಿರುತ್ತಾರೆ. ನಾನೂ ಎರಡು ಸಲ ಓದಿದೆ. ಮೊದಲ ಸಲ ರಾತ್ರಿಯೆಲ್ಲ ಕೂತು, ಎರಡನೇ ಸಲ ಜಗಳ ಆಡುತ್ತ.

ಕಥೆ ಹೇಳೋದರಲ್ಲಿ ಮೆಕ್‌ಡೂಗಲ್ ಪಕ್ಕಾ ಆಸಾಮಿ. ಮೆಕ್ಸಿಕೋದ ಕಾಪರ್ ಕ್ಯಾನಿಯನ್ ಕಣಿವೆಗಳ ರಾರಾಮುರಿ ಜನ ಟೈರಿನ ತುಂಡಿಗೆ ಚರ್ಮದ ದಾರ ಕಟ್ಟಿದ ಚಪ್ಪಲಿ ಮೆಟ್ಟಿ ನೂರಾರು ಕಿಲೋಮೀಟರ್ ಓಡುತ್ತಾರೆ. 2006ರಲ್ಲಿ ಅದೇ ಕಣಿವೆಯಲ್ಲಿ ನಡೆದ ರೇಸಿನಲ್ಲಿ ಅಮೆರಿಕದ ಘಟಾನುಘಟಿ ಸ್ಕಾಟ್ ಜುರೆಕ್‌ನನ್ನು ಅರ್ನುಲ್ಫೊ ಕಿಮಾರೆ ಎಂಬ ರಾರಾಮುರಿ ಹಿಂದೆ ಹಾಕುತ್ತಾನೆ. ಓದುತ್ತ ಓದುತ್ತ ನಮ್ಮ ಕಾಲೂ ಮಿಡುಕುತ್ತವೆ. ಅದು ಸುಳ್ಳಲ್ಲ.

ನನ್ನ ಜಗಳ ಆ ಪುಸ್ತಕದ ವಿಜ್ಞಾನದ ಭಾಗದ ಜೊತೆ. ವಿಜ್ಞಾನ ತಪ್ಪು ಅಂತಲ್ಲ, ಅರ್ಧಕ್ಕೇ ನಿಂತಿದೆ ಅಂತ. ಡೆನಿಸ್ ಬ್ರ್ಯಾಂಬಲ್ ಮತ್ತು ಡೇನಿಯಲ್ ಲೀಬರ್‌ಮನ್ 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮಂಡಿಸಿದ ವಾದವೇ ಈ ಪುಸ್ತಕದ ಬೆನ್ನೆಲುಬು. ಮನುಷ್ಯನ ದೇಹ ದೂರದ ಓಟಕ್ಕೆ ಹದಗೊಂಡದ್ದು. ಮೈಮೇಲೆ ಕೂದಲು ಕಮ್ಮಿ, ಬೆವರಿನ ಗ್ರಂಥಿ ಜಾಸ್ತಿ, ನೆಟ್ಟಗೆ ನಿಂತ ಮೈ. ಸುಡುವ ಬಿಸಿಲಲ್ಲಿ ಜಿಂಕೆ ಏದುಸಿರು ಬಿಟ್ಟು ಕುಸಿಯುತ್ತದೆ, ಬೆವರುವ ಮನುಷ್ಯ ಬೆನ್ನು ಬಿಡದೆ ಹೋಗುತ್ತಾನೆ. ಒಳ್ಳೆಯ ವಾದ. ಆದರೆ ಇದನ್ನು ಒಪ್ಪಿದ ಮೇಲೆ ಇನ್ನೊಂದು ಮಾತನ್ನೂ ಒಪ್ಪಬೇಕಾಗುತ್ತದೆ. ಶಾಖ ಹೊರಹಾಕುವುದರಲ್ಲಿ ಪಳಗಿದ ದೇಹ ಚಳಿಯಲ್ಲೂ ಅದೇ ಕೆಲಸ ಮಾಡುತ್ತದೆ. ಓಡುವಷ್ಟು ಹೊತ್ತು ಚಿಂತೆಯಿಲ್ಲ, ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಶಾಖವಾಗಿಯೇ ಹೋಗುವುದರಿಂದ ಮೈ ಬೆಚ್ಚಗಿರುತ್ತದೆ. ಸುಸ್ತಾಗಿ ಓಟ ನಡಿಗೆಯಾಯಿತು, ನಡಿಗೆ ಕಲ್ಲಿನ ಮೇಲೆ ಕೂರುವುದಾಯಿತು ಅನ್ನಿ, ಒಲೆ ಆರಿದ ಹಾಗೆ. ಬೆವರಿನಿಂದ ತೊಯ್ದ ಬಟ್ಟೆ, ಅದರ ಮೇಲೆ ಗಾಳಿ. ಮೈಯೊಳಗಿನ ತಾಪಮಾನ 35 ಡಿಗ್ರಿಗಿಂತ ಕೆಳಗಿಳಿದರೆ ಬೆರಳು ಜಿಪ್ ಹಾಕಲಾರವು, ನಾಲಿಗೆ ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಇನ್ನೂ ಇಳಿದರೆ ನಡುಕವೂ ನಿಲ್ಲುತ್ತದೆ. ಅಲ್ಲಿಗೆ ಬಂದವನಿಗೆ ತಾನು ಎಲ್ಲಿದ್ದೇನೆ ಅನ್ನೋದೇ ಗೊತ್ತಿರುವುದಿಲ್ಲ.

‘ಬಾರ್ನ್ ಟು ರನ್’ನ ಒಲವೆಲ್ಲ ಕಳಚುವುದರ ಕಡೆಗೆ. ದಪ್ಪ ಬೂಟು ಕಳಚು, ಕಂಪನಿಗಳು ಕಟ್ಟಿದ ಭಯ ಕಳಚು, ಹಗುರಾಗು. ಆ ರಾರಾಮುರಿಗಳೇ ಉಣ್ಣೆಯ ಹೊದಿಕೆ ನೇಯುತ್ತಾರೆ. ಎತ್ತರದಲ್ಲಿ ವಾಸಿಸುವ ಎಷ್ಟೋ ಕುಟುಂಬಗಳು ಚಳಿಗಾಲಕ್ಕೆ ಬೆಚ್ಚಗಿನ ಕಣಿವೆಯ ಆಳಕ್ಕೆ ಇಳಿದುಬಿಡುತ್ತವೆ. ಚಪ್ಪಲಿ ಮಾತ್ರ ಜಗತ್ತಿಗೆಲ್ಲ ಮಾದರಿಯಾಯಿತು. ಹೊದಿಕೆ ಕಣಿವೆಯಲ್ಲೇ ಉಳಿಯಿತು.

ಇದನ್ನೆಲ್ಲ ಈಗ ಬರೆಯಲು ಕಾರಣ ಕಪ್ಪತಗುಡ್ಡ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮಲ್ನಾಡ್ ಅಲ್ಟ್ರಾ ಓಡಿ ಬಂದ ನನ್ನ ಸಹೋದ್ಯೋಗಿಯೊಬ್ಬ ಗೂಗಲ್ ಮ್ಯಾಪ್ ತೆರೆದು, ‘ಮಗಾ, ನಿಮ್ಮ ಗದಗ ಕಡೆ ಇಷ್ಟು ಉದ್ದದ ಗುಡ್ಡ ಇದೆ, ಯಾರೂ ಓಡ್ತಿಲ್ವಲ್ಲ’ ಅಂದ. ಉದ್ದ ಇರೋದು ಖರೆ. ಗದಗ ತಾಲ್ಲೂಕಿನ ಬಿಂಕದಕಟ್ಟಿಯಿಂದ ಮುಂಡರಗಿ ತಾಲ್ಲೂಕಿನ ಸಿಂಗಟಾಲೂರಿನವರೆಗೆ, ತುಂಗಭದ್ರೆಯ ದಂಡೆಯ ತನಕ, ನಡುವೆ ಶಿರಹಟ್ಟಿ ಸೀಮೆಯನ್ನೂ ಸವರಿಕೊಂಡು ಸುಮಾರು 63 ಕಿಲೋಮೀಟರ್. 2019ರಿಂದ ವನ್ಯಜೀವಿಧಾಮ. ಡಿಸೆಂಬರ್ ಕೊನೆಯ ವಾರ, ನಸುಕಿನ 4 ಗಂಟೆಗೆ ಶುರು, 50 ಕಿಲೋಮೀಟರ್ ಅಂತ ಅವನು ಎಕ್ಸೆಲ್ ಶೀಟನ್ನೂ ಮಾಡಿದ. ಸಾಮಾನಿನ ಪಟ್ಟಿಯಲ್ಲಿ ಹೆಡ್‌ಲ್ಯಾಂಪ್, ಜೆಲ್, ಓಆರ್‌ಎಸ್, ಸೀಟಿ, ಪವರ್ ಬ್ಯಾಂಕ್.

ನಮ್ಮ ಚಳಿ ಕಾಶ್ಮೀರದ್ದೇನೂ ಅಲ್ಲ, ಗೊತ್ತು. ಲಕ್ಷ್ಮೇಶ್ವರದ ಸಂತಿಗೆ ಸ್ವೆಟರ್ ಇಲ್ಲದೆಯೂ ಹೋಗಿ ಬರಬಹುದು. ಆದರೆ ಗುಡ್ಡದ ನೆತ್ತಿ ಸಂತೆಯಲ್ಲ. ಅಲ್ಲಿರುವುದು ಹುಲ್ಲು ಮತ್ತು ಕುರುಚಲು, ಗಾಳಿಗೆ ಮರೆಯಾಗಲು ದೊಡ್ಡ ಮರವೂ ಸಿಗುವುದು ಅಪರೂಪ. ಮೇಲಿನ ಬಸವಣ್ಣನ ಹೆಸರೇ ಗಾಳಿಗುಂಡಿ ಬಸವಣ್ಣ. ವಿಂಡ್ ಮಿಲ್ ಕಂಪನಿಯವರು ಪುಕ್ಕಟೆ ಆ ಗುಡ್ಡ ಹತ್ತಲಿಲ್ಲ.

ಹೋದ ವರ್ಷ ಡೋಣಿ ಹತ್ತಿರ ಹೊಲವೊಂದರಲ್ಲಿ ಕುರಿ ತರಬಿದ್ದ ಹಿರಿಯರೊಬ್ಬರಿಗೆ ಈ ರೇಸಿನ ವಿಷಯ ಹೇಳಿದೆ. ಪೂರ್ತಿ ಕೇಳಿಕೊಂಡರು. ಎಷ್ಟು ದೂರ, ಗೆದ್ದವರಿಗೆ ಏನು ಕೊಡ್ತಾರ, ರೊಕ್ಕ ಯಾರು ಕೊಡ್ತಾರ ಅಂತ ಕೇಳಲಿಲ್ಲ. ‘ಓಡೂದು ಇರಲಿ ತಮ್ಮಾ, ನಿಂತಾಗ ಏನ ಹೊಚ್ಕೋತೀರಿ?’ ಅಂದರು. ಮೆಕ್‌ಡೂಗಲ್‌ನ ಇಡೀ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಓದಿಲ್ಲ.

ಅವರ ಹೆಗಲ ಮೇಲಿದ್ದದ್ದು ಕರಿ ಕಂಬಳಿ. ದಖನಿ ಕುರಿಯ ಒರಟು ಉಣ್ಣೆ, ಹುಣಸೆ ಬೀಜದ ಗಂಜಿ ಹಚ್ಚಿ ಬಿಗಿ ಮಾಡಿದ್ದು. ಮಳೆ ಬಂದರೆ ತಲೆ ಮೇಲಿಂದ ಕೊಪ್ಪೆ, ರಾತ್ರಿ ಹಾಸಿಗೆ, ಹಗಲು ಕೂರಲು ಚಾಪೆ. ಒದ್ದೆಯಾದರೂ ಉಣ್ಣೆ ಒಂದಿಷ್ಟು ಬೆಚ್ಚಗೆ ಇಡುತ್ತದೆ; ಹತ್ತಿಯ ಟೀ ಶರ್ಟ್ ಒದ್ದೆಯಾದರೆ ಮೈಯಿಂದಲೇ ಶಾಖ ಕಸಿಯುತ್ತದೆ. ಕಂಬಳಿ ಹೊತ್ತು ಓಡಿ ಅಂತ ನಾನು ಹೇಳುತ್ತಿಲ್ಲ, ಅದರ ಭಾರ ನನಗೂ ಗೊತ್ತು. ಆದರೆ ಆ ಎಕ್ಸೆಲ್ ಶೀಟಿನಲ್ಲಿ ನಿಲ್ಲುವವನಿಗೆ ಒಂದೂ ಸಾಲು ಇರಲಿಲ್ಲ.

ಇದು ಅತಿಯಾಯಿತು ಅನ್ನಿಸಿದರೆ ಚೀನಾದ ಗಾನ್ಸು ಪ್ರಾಂತ್ಯದ ಸುದ್ದಿ ನೆನಪಿಸಿಕೊಳ್ಳಿ. 2021ರ ಮೇ 22, ಚಳಿಗಾಲವೂ ಅಲ್ಲ. 100 ಕಿಲೋಮೀಟರ್ ಗುಡ್ಡದ ಓಟ, ಹೊರಟವರು 172 ಜನ. ಗಾಳಿ ತಡೆಯುವ ಜಾಕೆಟ್ ಕಡ್ಡಾಯ ಇರಲಿಲ್ಲ, ಬರೇ ಸಲಹೆ. ಎಷ್ಟೋ ಜನ ಜಾಕೆಟ್ಟನ್ನು ಮುಂದಿನ ಹಂತದಲ್ಲಿ ಸಿಗುವ ಚೀಲದಲ್ಲಿ ಹಾಕಿ ಕಳಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ಆಲಿಕಲ್ಲು, ಕೊರೆಯುವ ಮಳೆ, ಬಿರುಗಾಳಿ. 21 ಜನ ಸತ್ತರು. ಸತ್ತವರಲ್ಲಿ ಚೀನಾದ ಹೆಸರಾಂತ ಓಟಗಾರ ಲಿಯಾಂಗ್ ಜಿಂಗ್ ಕೂಡ ಇದ್ದ. ಅಂದರೆ ತಯಾರಿ ಇಲ್ಲದ ಹುಡುಗರಷ್ಟೇ ಸಾಯ್ತಾರ ಅನ್ನೋ ಸಮಾಧಾನವೂ ನಮಗಿಲ್ಲ.

ಅದೇ ಗುಡ್ಡದಲ್ಲಿ ಝು ಕೆಮಿಂಗ್ ಎಂಬ ಕುರಿಗಾರ ಅವತ್ತು ಕುರಿ ಮೇಯಿಸುತ್ತಿದ್ದ. ಮಳೆ ಬಂತು ಅಂತ ಗುಹೆಯಂಥ ತನ್ನ ಆಸರೆಗೆ ಹೋಗಿದ್ದ. ಅಲ್ಲಿ ಅವನು ಮೊದಲೇ ಬಟ್ಟೆ, ಹೊದಿಕೆ, ತಿನ್ನಲು ಒಂದಿಷ್ಟು ಇಟ್ಟುಕೊಂಡಿದ್ದ. ಸೆಟೆದು ನಿಂತ ಓಟಗಾರರನ್ನು ಒಳಗೆ ಕರೆತಂದು, ಬೆಂಕಿ ಹಾಕಿ, ಕೈಕಾಲು ತಿಕ್ಕಿ, ಹೊದಿಸಿ, ಆರು ಜನರನ್ನು ಉಳಿಸಿದ. ಪತ್ರಿಕೆಗಳು ಅವನನ್ನು ಹೀರೋ ಅಂದವು. ಅವನ ಮನಸ್ಸು ದೊಡ್ಡದು, ನಿಜ. ಆದರೆ ಸಂಘಟಕರ ಯೋಜನೆಯಲ್ಲಿ ಇಲ್ಲದ ಮೂರು ಸಾಮಾನು ಅವನ ಗುಹೆಯಲ್ಲಿ ಇದ್ದವು ಅನ್ನೋದನ್ನ ಹೆಡ್‌ಲೈನು ಹೇಳುವುದಿಲ್ಲ.

ಚಳಿಯಲ್ಲಿ ಓಡಲೇಬಾರದು ಅಂತಲೂ ಅಲ್ಲ. ಇಂಗ್ಲೆಂಡಿನ ಸ್ಪೈನ್ ರೇಸ್ ನಡೆಯುವುದೇ ಜನವರಿಯಲ್ಲಿ: ಪೆನೈನ್ ವೇ ಕಾಲುದಾರಿಯಲ್ಲಿ 268 ಮೈಲಿ, ಹತ್ತಿರ ಹತ್ತಿರ 431 ಕಿಲೋಮೀಟರ್. 2019ರಲ್ಲಿ ಜಾಸ್ಮಿನ್ ಪ್ಯಾರಿಸ್ ಅದನ್ನು 83 ಗಂಟೆ 12 ನಿಮಿಷದಲ್ಲಿ ಮುಗಿಸಿ, ಗಂಡಸರನ್ನೂ ಸೇರಿಸಿ ಎಲ್ಲರಿಗಿಂತ ಮೊದಲು ಬಂದಳು, ಹಳೆಯ ದಾಖಲೆಯನ್ನು 12 ಗಂಟೆಗಿಂತ ಜಾಸ್ತಿ ಅಂತರದಲ್ಲಿ ಮುರಿದಳು. ದಾರಿಯ ತಂಗುದಾಣಗಳಲ್ಲಿ ಕೂಸಿಗಾಗಿ ಎದೆಹಾಲು ಹಿಂಡಿ ಇಟ್ಟದ್ದನ್ನು ಎಲ್ಲರೂ ಬರೆದರು, ಬರೆಯಬೇಕಾದದ್ದೇ. ನನಗೆ ಹಿಡಿಸಿದ್ದು ಆ ರೇಸಿನ ನಿಯಮ. ಸ್ಲೀಪಿಂಗ್ ಬ್ಯಾಗ್, ನೆಲಕ್ಕೆ ಹಾಸಲು ಮ್ಯಾಟ್, ಮೇಲೊಂದು ಆಸರೆ, ಸಣ್ಣ ಸ್ಟೌವ್, ಇಷ್ಟಿಲ್ಲದೆ ಓಡಲು ಬಿಡುವುದಿಲ್ಲ. ಗೆಲ್ಲುವವಳೂ ಎಲ್ಲೋ ಒಂದು ಕಡೆ ನಿಲ್ಲಬೇಕಾಗಬಹುದು ಅಂತ ಸಂಘಟಕರು ಲೆಕ್ಕ ಹಾಕಿದ್ದಾರೆ.

ಸಹೋದ್ಯೋಗಿಗೆ ಇದನ್ನೆಲ್ಲ ಹೇಳಿದೆ. ‘ಅಷ್ಟೆಲ್ಲ ಹೊತ್ಕೊಂಡ್ರೆ ರೇಸ್ ಅನಿಸಲ್ಲ ಮಗಾ, ಜಾತ್ರೆ ಅನಿಸುತ್ತೆ’ ಅಂದ. ಬನದ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನಿಗೆ ನಡೆದು ಹೋಗುವವರ ಗಂಟು ಒಮ್ಮೆ ಬಿಚ್ಚಿಸಿ ನೋಡು ಅಂದೆ. ರೊಟ್ಟಿ, ಶೇಂಗಾ ಚಟ್ನಿ, ಒಂದು ಚಾದರ ಇಲ್ಲವೇ ಕಂಬಳಿ. ಅವರೂ ದೂರ ಹೋಗುವವರೇ, ಅದೂ ಚಳಿಗಾಲದಲ್ಲೇ.

ಅರಣ್ಯ ಇಲಾಖೆಯ ಅನುಮತಿಗೆ ಇನ್ನೂ ಅರ್ಜಿ ಹಾಕಿಲ್ಲ, ರೇಸ್ ಆಗುತ್ತೋ ಇಲ್ಲವೋ ಗೊತ್ತಿಲ್ಲ. ಎಕ್ಸೆಲ್ ಶೀಟನ್ನು ಮಾತ್ರ ತೆರೆದು, ಗಾಳಿ ತಡೆಯುವ ಜಾಕೆಟ್, ಒಂದು ಒಣ ಬನಿಯನ್, ಫಾಯಿಲ್ ಹೊದಿಕೆ ಅಂತ ಮೂರು ಸಾಲು ಸೇರಿಸಿ, ಪಕ್ಕದಲ್ಲಿ ‘ಕಡ್ಡಾಯ’ ಅಂತ ಬರೆದು ವಾಪಸ್ ಕಳಿಸಿದ್ದೇನೆ.