‘ಕತ್ತಿ’ ಎಂದು ಬರೆದ ಮಗು

ತುಳಸಿಗೇರಿಯ ಎರಡನೇ ತರಗತಿಯ ಮಗುವೊಂದು ಕತ್ತೆಯ ಚಿತ್ರದ ಕೆಳಗೆ ‘ಕತ್ತಿ’ ಎಂದು ಬರೆದರೆ ಕೆಂಪು ಶಾಯಿಯಲ್ಲಿ ಗೀರು ಎಳೆಯುವುದು ಸುಲಭ. ಆದರೆ ಬಾಗಲಕೋಟೆ ಸೀಮೆಯ ಮನೆಮಾತಿನಲ್ಲಿ ಕತ್ತೆ ಕತ್ತಿಯೇ. ಮನೆ ಮನಿ, ಎಲೆ ಎಲಿ, ಊರ ಹನಮಪ್ಪನ ಜಾತ್ರೆ ಜಾತ್ರಿ. ಮಗು ತಾನು ಕೇಳಿದ ದನಿಯನ್ನು ಸರಿಯಾಗಿಯೇ ಅಕ್ಷರಕ್ಕಿಳಿಸಿದೆ, ಒತ್ತನ್ನೂ ಬಿಟ್ಟಿಲ್ಲ. ಪಕ್ಕದ ಮಗು ಅದೇ ಚಿತ್ರಕ್ಕೆ ‘ಕತೆ’ ಎಂದು ಬರೆದಿದ್ದರೆ ಅದರ ತೊಡಕೇ ಬೇರೆ. ಅದಕ್ಕೆ ಪುಸ್ತಕದ ರೂಪ ಗೊತ್ತು, ಒತ್ತಕ್ಷರ ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಇಬ್ಬರಿಗೂ ‘ಹತ್ತು ಸಲ ಬರಿ’ ಎಂದರೆ ಇಬ್ಬರಿಗೂ ಅನ್ಯಾಯವಾಗುತ್ತದೆ.

ಈ ವ್ಯತ್ಯಾಸ ನಲವತ್ತು ನೋಟ್‌ಬುಕ್ ತಿದ್ದುವ ಒಬ್ಬರ ಕಣ್ಣಿಗೆ ತಪ್ಪಿಹೋಗಬಹುದು. ನಾಲ್ಕು ಶಾಲೆಯವರು ಒಟ್ಟಿಗೆ ಕೂತರೆ ತಪ್ಪಲಾರದು. ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ಇರುವುದು ಇದಕ್ಕಾಗಿಯೇ ಎಂದು ನಾನು ನಂಬಿದ್ದೇನೆ. ಆದರೆ ಸಭೆಯ ಹೊತ್ತನ್ನು ಸುತ್ತೋಲೆ, ಬಿಸಿಯೂಟದ ಲೆಕ್ಕ, ವಿದ್ಯಾರ್ಥಿಗಳ ವಿವರ ತುಂಬುವ ಎಸ್.ಎ.ಟಿ.ಎಸ್. ಮಾಹಿತಿ ತಿಂದುಹಾಕುತ್ತವೆ. ಆಮೇಲೊಂದು ಮಾದರಿ ಪಾಠ, ಅದೂ ಮಕ್ಕಳಿಲ್ಲದೆ. ಸಭೆ ನಡೆಸುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯನ್ನು (ಸಿ.ಆರ್.ಪಿ.) ದೂರಿ ಫಲವಿಲ್ಲ. ಮೇಲಿನವರು ಅವರಿಂದ ಕೇಳುವುದೂ ಅಂಕಿಗಳನ್ನೇ. ಮಗುವಿನ ಬರಹ ಕೃತಿಸಂಪುಟದಲ್ಲಿ ಜೋಪಾನವಾಗಿ ಕೂತಿರುತ್ತದೆ, ಅದನ್ನು ತೆರೆದು ಓದಲು ಮಾತ್ರ ಬಿಡುವಿಲ್ಲ.

ಶಿಕ್ಷಕರು ಒಟ್ಟಿಗೆ ಕೂತು ಯೋಚಿಸುವುದು ನಮ್ಮ ನಾಡಿಗೆ ಹೊಸ ವಿದ್ಯೆಯೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ, ತಾವೇ ಕೂತು ಕಲಿಕೆಯ ಕಾರ್ಡುಗಳನ್ನು ಬರೆದರು. ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಹುಟ್ಟಿದ್ದು ಹಾಗೆ. ಅ ಆ ಇ ಈ ಬಿಟ್ಟು ರ, ಗ, ಸ, ದ, ಅ ಎಂದು ಆರಂಭಿಸುವ ಅದರ ಕ್ರಮ ನನಗೆ ಇವತ್ತಿಗೂ ಬೆರಗು. ಐದೇ ಅಕ್ಷರ ಕಲಿಯುವಷ್ಟರಲ್ಲಿ ಸರ, ಅರಸ, ಅಗಸ, ದಸರ ಮಗುವಿನ ಪಾಲಾಗುತ್ತವೆ. 2009-10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಅಚ್ಚಾದ ಕಾರ್ಡು ನಮ್ಮೂರಿಗೂ ಬಂತು, ಅದನ್ನು ಬರೆಯುವಾಗ ಶಿಕ್ಷಕರ ನಡುವೆ ನಡೆದ ಮಾತುಕತೆ ಬರಲಿಲ್ಲ. ನಲಿ-ಕಲಿಯ ದೊಡ್ಡ ನಷ್ಟ ಇದೇ ಎಂಬುದು ನನ್ನ ತೀರ್ಮಾನ. ಅಂಥ ಮಾತುಕತೆಯನ್ನು ಜಪಾನ್ ಉಳಿಸಿಕೊಂಡಿದೆ. ಅಲ್ಲಿನ ಶಾಲೆಗಳಲ್ಲಿ ಶಿಕ್ಷಕರು ಕೂಡಿ ಒಂದು ಪಾಠ ಕಟ್ಟುತ್ತಾರೆ. ಒಬ್ಬರು ಕಲಿಸುವಾಗ ಉಳಿದವರು ಮಕ್ಕಳನ್ನು ಗಮನಿಸಿ, ಬಳಿಕ ಚರ್ಚಿಸುತ್ತಾರೆ. ನೂರಕ್ಕೂ ಹೆಚ್ಚು ವರ್ಷಗಳಿಂದ ಆ ರೂಢಿ ಅಲ್ಲಿ ಉಳಿದುಬಂದಿದೆ.

ಬಿಡುವಿಲ್ಲದಿರುವುದು ಒಂದು ಅಡ್ಡಿಯಾದರೆ, ಇನ್ನೊಂದು ಅಡ್ಡಿ ಶಿಕ್ಷಕರಾದ ನಮ್ಮೊಳಗಿನದು. ಸಭೆಗೆ ನೋಟ್‌ಬುಕ್ ತನ್ನಿ ಎಂದರೆ ಅತಿ ಅಂದವಾದದ್ದನ್ನೇ ಆರಿಸಿ ತರುತ್ತೇವೆ. ಹಲಗೆ ನೋಡಿ ಮುತ್ತಿನಂತೆ ಇಳಿಸಿಕೊಂಡ ಮಗು, ಅದನ್ನೇ ಓದು ಎಂದರೆ ತಡವರಿಸುವುದುಂಟು. ಅಂಥ ಬರಹದಿಂದ ಯಾರೂ ಏನೂ ಕಲಿಯಲಾಗದು. ತರಬೇಕಾದದ್ದು ಚಿತ್ತುಕಾಟು ಇರುವ ನೋಟ್‌ಬುಕ್, ಅದೂ ಮಗುವಿನ ಹೆಸರು ಮುಚ್ಚಿ. ಅಂಥ ಮೂರು ನೋಟ್‌ಬುಕ್ಕುಗಳನ್ನು ನಡುವೆ ಇಟ್ಟುಕೊಂಡು, “ಅಕ್ಕೋರ, ನಿಮ್ಮ ಸಾಲ್ಯಾಗೂ ಹುಡುಗ್ರು ಹಿಂಗ ಬರೀತಾರೇನ್ರಿ? ನೀವ ಏನ್ ಮಾಡ್ತೀರಿ?” ಎಂದು ಒಬ್ಬರು ಕೇಳಲಿ. ಸುತ್ತೋಲೆ ಓದುವುದು ಆಮೇಲೆ ಇದ್ದೇ ಇದೆ.