ಬಾರದ ಕೊಲೆಗಾರನ ಹಾದಿ ಕಾಯುತ್ತ

ಪತ್ತೇದಾರಿ ಕಾದಂಬರಿಯಲ್ಲಿ ಕೊಲೆ ಎಷ್ಟೇ ಗೋಜಲಾಗಿರಲಿ, ಕಡೆಯ ಪ್ರಕರಣದಲ್ಲಿ ಗಂಟು ಬಿಚ್ಚಿಕೊಳ್ಳಲೇಬೇಕು. ಸ್ವಿಟ್ಜರ್ಲೆಂಡಿನ ಫ್ರೀಡ್ರಿಖ್ ಡ್ಯೂರೆನ್‌ಮಾಟ್ 1958ರಲ್ಲಿ ‘ವಾಗ್ದಾನ’ ಎಂಬರ್ಥದ ಹೆಸರಿಟ್ಟು ಜರ್ಮನ್ ಭಾಷೆಯಲ್ಲಿ ಬರೆದ ಕಾದಂಬರಿ ಈ ಕರಾರನ್ನೇ ಮುರಿಯಿತು. ಪತ್ತೇದಾರಿ ಕಾದಂಬರಿಗೊಂದು ಚರಮಗೀತೆ ಎಂಬುದು ಅದರ ಉಪಶೀರ್ಷಿಕೆ. ಅದೇ ವರ್ಷ ತೆರೆಕಂಡ ಚಲಚ್ಚಿತ್ರವೊಂದಕ್ಕೆ ಆತನೇ ಕಥೆ ಒದಗಿಸಿದ್ದ. ಅಲ್ಲಿ ಕೊಲೆಗಾರ ಸಿಕ್ಕಿಬೀಳುತ್ತಾನೆ. ಅದು ಒಗ್ಗದೆ ವಸ್ತುವನ್ನು ಮತ್ತೆ ಕೈಗೆತ್ತಿಕೊಂಡ.

ಝೂರಿಕ್ ಪ್ರಾಂತದ ಹಳ್ಳಿಯೊಂದರ ಬಳಿ ಪುಟ್ಟ ಹುಡುಗಿಯೊಬ್ಬಳ ಕೊಲೆಯಾಗುತ್ತದೆ. ಹೆಣವನ್ನು ಮೊದಲು ಕಂಡ ತಿರುಗು ವ್ಯಾಪಾರಿಯ ಮೇಲೆಯೇ ಗುಮಾನಿ. ಎಡೆಬಿಡದ ವಿಚಾರಣೆಯಲ್ಲಿ ಸೋತು ಆತ ತಪ್ಪೊಪ್ಪಿ, ಸೆರೆಕೋಣೆಯಲ್ಲಿ ನೇಣು ಹಾಕಿಕೊಳ್ಳುತ್ತಾನೆ. ಪೊಲೀಸರ ಪಾಲಿಗೆ ಕಡತ ಮುಗಿಯಿತು. ಮಥೇಯಿ ಎಂಬ ಅಧಿಕಾರಿಗೆ ಮಾತ್ರ ಮುಗಿಯದು. ಕೊಲೆಗಾರನನ್ನು ಹಿಡಿಯುವೆನೆಂದು ಮಗುವಿನ ತಾಯಿಗೆ ಮಾತು ಕೊಟ್ಟುಬಿಟ್ಟಿದ್ದಾನೆ. ಹಿಂದೆ ಇನ್ನಿಬ್ಬರು ಬಾಲಕಿಯರು ಹೀಗೆಯೇ ಸತ್ತಿದ್ದಾರೆ. ಸುಳಿವೆಂದರೆ ಸತ್ತ ಮಗು ಬಿಡಿಸಿದ್ದ ಚಿತ್ರ: ಭಾರಿ ಆಳು, ಕರಿಯ ಮೋಟಾರು, ಮುಳ್ಳುಹಂದಿಗಳು, ಕೊಂಬಿನ ಪ್ರಾಣಿ. ಕೊಂಬಿನ ಪ್ರಾಣಿ ಗ್ರಾವುಬ್ಯುಂಡನ್ ಪ್ರಾಂತದ ಲಾಂಛನ. ಅಲ್ಲಿಂದ ಝೂರಿಕ್‌ಗೆ ಹೋಗುವವರು ಹಾಯಲೇಬೇಕಾದ ರಸ್ತೆಯಲ್ಲಿ ಮಥೇಯಿ ಪೆಟ್ರೋಲು ಅಂಗಡಿ ಹಿಡಿದು ಕೂರುತ್ತಾನೆ. ಊಹೆ ಸರಿಯೇ. ಕೊಲೆಗಾರ ಹೊರಟೂ ಇರುತ್ತಾನೆ. ದಾರಿಯಲ್ಲಿ ಮೋಟಾರು ಅಪಘಾತಕ್ಕೆ ಸಿಕ್ಕಿ ಸಾಯುತ್ತಾನೆ, ಅಷ್ಟೆ. ಅದನ್ನರಿಯದ ಮಥೇಯಿ ವರ್ಷಗಟ್ಟಲೆ ಕಾದು, ಕುಡಿದು, ಬುದ್ಧಿಗೆಡುತ್ತಾನೆ.

ಆಕಸ್ಮಿಕದ ಮುಂದೆ ತರ್ಕ ಸೋತ ಕಥೆಯೆಂದು ಇದನ್ನು ಮೆಚ್ಚುವವರುಂಟು. ಮೆಚ್ಚತಕ್ಕದ್ದೇ. ಆದರೆ ನನ್ನನ್ನು ಕಾಡಿದವಳು ಆ ಅಂಗಡಿಯಲ್ಲಿ ಬೆಳೆಯುವ ಅನ್ನೆಮರಿ. ಸತ್ತ ಹುಡುಗಿಯನ್ನು ಹೋಲುತ್ತಾಳೆಂದೇ ಮಥೇಯಿ ಅವಳನ್ನೂ ಅವಳ ತಾಯಿಯನ್ನೂ ತಂದಿರಿಸಿಕೊಂಡದ್ದು. ಗಾಳಕ್ಕೆ ಸಿಕ್ಕಿಸಿದ ಎರೆಹುಳು. ಒಮ್ಮೆ ಅವಳ ಕೈಯಲ್ಲಿ ಮುಳ್ಳುಮುಳ್ಳಾದ ಚಾಕೊಲೇಟು ಕಾಣುತ್ತದೆ. ಚಿತ್ರದ ಮುಳ್ಳುಹಂದಿ ಅದೇ! ಪೊಲೀಸರು ಕಾಡಿನಲ್ಲಿ ದಿನಗಟ್ಟಲೆ ಹೊಂಚುತ್ತಾರೆ. ಯಾರೂ ಬಾರದಿದ್ದಾಗ ತಾಳ್ಮೆಗೆಟ್ಟು ಆ ಮಗುವನ್ನೇ ಹೊಡೆಯುತ್ತಾರೆ. ಕಾಪಾಡಲು ಬಂದವರ ಕೈಗಳು ಅವು. ಈ ಪುಟ ಓದಿದ ಮೇಲೆ ಮಥೇಯಿಯ ಬಗೆಗಿನ ಕನಿಕರ ಪೂರ್ತಿ ಉಳಿಯುವುದಿಲ್ಲ.

ಇಷ್ಟನ್ನು ಕಾಣಬಲ್ಲ ಲೇಖಕ ಮುಂದೆ ಅವಳನ್ನು ಕೈಬಿಟ್ಟದ್ದೇಕೆ? ಕಥೆ ಹೇಳುವವನು ನಿವೃತ್ತ ಪೊಲೀಸ್ ಮುಖ್ಯಸ್ಥ. ಅವನ ಕಣ್ಣೆಲ್ಲ ಮಥೇಯಿಯ ಪ್ರತಿಭೆಯ ಮೇಲೆ. ಕೊಲೆಗಾರನ ವಿಧವೆ ಮರಣಶಯ್ಯೆಯಲ್ಲಿ ಹರಟುವುದಕ್ಕೆ ಪುಟಗಟ್ಟಲೆ ಜಾಗ ಸಿಕ್ಕಿದೆ. ಅದೊಂದು ಭೀಕರ ವಿನೋದ, ನಿಜ. ಅನ್ನೆಮರಿಗೆ ಪುಸ್ತಕದ ಮೊದಲಲ್ಲಿ ಕೆಲವೇ ಸಾಲು. ಆ ಅಂಗಡಿಯಲ್ಲಿ ಗಿರಾಕಿಗಳಿಗೆ ಬಡಿಸುತ್ತ ನಿಂತ ಸೊರಗಿದ ಹೆಂಗಸು ಅವಳು. ನೋಡಿದರೆ 30 ಎನ್ನಬೇಕು, ವಯಸ್ಸು 16.