ಹನ್ನೆರಡನೆಯ ಕಾಲಂ

ಸಿಂಧನೂರಿನ ತಹಶೀಲ್ ಕಚೇರಿಗೆ ಬಂದವರ ಕೈಯಲ್ಲಿ ಒಂದಿಲ್ಲೊಂದು ಪಹಣಿ ಇದ್ದೇ ಇರುತ್ತದೆ. ನಾಲ್ಕಾಗಿ ಮಡಚಿದ್ದು, ಅಂಗಿ ಜೇಬಿನ ಬೆವರು ಹಿಡಿದದ್ದು. ಅದನ್ನು ಕೊಡುವ ತಂತ್ರಾಂಶ ‘ಭೂಮಿ’. ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳ್ತನದಲ್ಲಿ ರಾಜ್ಯದ ಕಂದಾಯ ಇಲಾಖೆ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ, ಈ ಶತಮಾನದ ಆರಂಭದಲ್ಲೇ ತಾಲ್ಲೂಕು ಕೇಂದ್ರಗಳಲ್ಲಿ ಪ್ರತಿಗೆ 15 ರೂಪಾಯಿಯಂತೆ ಕೊಡತೊಡಗಿತು. ಅದಕ್ಕೆ ಮುಂಚೆ ದಾಖಲೆ ಇದ್ದದ್ದು ಗ್ರಾಮ ಲೆಕ್ಕಿಗರ ಚೀಲದಲ್ಲಿ. ಅವರು ಸಿಕ್ಕ ದಿನವೇ ಸುದಿನ. ಖಾತಾ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ಎತ್ತಿಕೊಳ್ಳಬೇಕೆಂದು ತಂತ್ರಾಂಶದೊಳಗೇ ಕಟ್ಟಳೆ ಹಾಕಿದ್ದಂತೂ ನಿಜವಾದ ಜಾಣತನ.

ಇಷ್ಟು ಹೊಗಳಿದ ಮೇಲೆ ಪಹಣಿಯನ್ನೇ ಬಿಡಿಸಿ ನೋಡೋಣ. 9ನೇ ಕಾಲಮ್ಮಿನಲ್ಲಿ ಹೊಲದೊಡೆಯನ ಹೆಸರು. 11ರಲ್ಲಿ ಬೋಜಾ, ಅಂದರೆ ಬ್ಯಾಂಕಿನ ಸಾಲ. ಇಲಾಖೆಗೂ ಬ್ಯಾಂಕಿಗೂ ಬೇಕಾದ ಉತ್ತರ ಇವೆರಡರಲ್ಲೇ ಸಿಕ್ಕಿಬಿಡುತ್ತದೆ. 12ನೆಯದು ಉಳುವವನದು. ಯಾರು ಬಿತ್ತಿದರು, ಏನು ಬಿತ್ತಿದರು ಎಂದು ಅದು ಹೇಳಬೇಕು. ಅಲ್ಲಿ ಸಾಮಾನ್ಯವಾಗಿ ಕಾಣುವುದು ಒಂದೇ ಮಾತು, ‘ಸ್ವಂತ’.

ತುಂಗಭದ್ರಾ ಎಡದಂಡೆ ನಾಲೆಯ ಬಯಲನ್ನು ಬಲ್ಲವರಿಗೆ ಆ ಮಾತು ಓದಿ ನಗು ಬರುತ್ತದೆ. ನೀರು ಬಂದ ಮೇಲೆ ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿದವರಿರಲಿ, ಊರಿನ ಜಮೀನಿಲ್ಲದವರಿರಲಿ, ಎಷ್ಟೋ ಮಂದಿ ಭತ್ತ ಬೆಳೆಯುವುದು ಲೀಜಿನ ಹೊಲದಲ್ಲಿ. ಲೀಜು ನಡೆಯುವುದು ಬಾಯಿಮಾತಿನಲ್ಲಿ. ತಪ್ಪು ಕಂಪ್ಯೂಟರಿನದಲ್ಲ, 1974ರ ಭೂಸುಧಾರಣೆ ತಿದ್ದುಪಡಿ ಗೇಣಿಯನ್ನೇ ನಿಷೇಧಿಸಿತು. ಉಳುವವನಿಗೇ ಹೊಲ ಕೊಟ್ಟ ದೊಡ್ಡ ಕಾನೂನು ಅದು. ಆದರೆ ಆಮೇಲೆ ಹೊಸದಾಗಿ ಗೇಣಿಗೆ ಬಂದವರು ಕಾನೂನಿನ ಕಣ್ಣಿಗೆ ಇಲ್ಲದವರಾದರು. ಇಲ್ಲದವರನ್ನು ತಂತ್ರಾಂಶ ಎಲ್ಲಿ ಬರೆದೀತು?

ಕೈಬರಹದ ಕಾಲದಲ್ಲಿ ‘ಸ್ವಂತ’ ಎಂಬ ಈ ಸುಳ್ಳು ಒಂದು ಪುಸ್ತಕದಲ್ಲಿ ಮಲಗಿರುತ್ತಿತ್ತು. ಈಗ ಪಹಣಿಯ ಹೆಗಲೇರಿ ಮಿಕ್ಕ ಸೇವೆಗಳೆಲ್ಲ ನಿಂತಿವೆ. ಬೆಳೆಹಾನಿಯ ದುಡ್ಡು ‘ಪರಿಹಾರ’ ತಂತ್ರಾಂಶದ ಮೂಲಕ ಒಡೆಯನ ಖಾತೆಗೆ ಹೋಗುತ್ತದೆ. ಬೆಂಬಲ ಬೆಲೆಗೆ ಜೋಳ, ಭತ್ತ ಮಾರಲು ‘ಫ್ರೂಟ್ಸ್’ ಎಂಬ ರೈತರ ಪಟ್ಟಿಯಲ್ಲಿ ನೋಂದಣಿ ಬೇಕು, ಅದಕ್ಕೆ ಮತ್ತೆ ಪಹಣಿಯೇ ಆಧಾರ. ಮಳೆಗೆ ತೆನೆ ಮಲಗಿದರೆ ಗೊಬ್ಬರದಂಗಡಿಯ ಉದ್ದರಿ ಲೀಜಿನವನ ತಲೆಗೆ, ಪರಿಹಾರದ ಮೆಸೇಜು ಧಣಿಯ ಮೊಬೈಲಿಗೆ. ಧಣಿ ಒಳ್ಳೆಯವನಾದರೆ ಕರೆದು ಕೊಟ್ಟಾನು.

ಲಿಂಗಸುಗೂರಿನ ಹೋಬಳಿಯಾಗಿದ್ದ ಮಸ್ಕಿ ಈಗ ಬೇರೆಯೇ ತಾಲ್ಲೂಕು. ಕಚೇರಿ ಹತ್ತಿರ ಬಂದಿತು, ಕಾಲಮ್ಮು ಹಾಗೇ ಇದೆ. 1915ರಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನ ಸಿಕ್ಕ ಊರಿದು. ‘ಇದು ದೊಡ್ಡವರಿಗಷ್ಟೇ ದಕ್ಕುವುದೆಂದು ತಿಳಿಯಬೇಡಿ, ಸಣ್ಣವರಿಗೂ ದಕ್ಕುತ್ತದೆ’ ಎಂಬ ಅರ್ಥದ ಮಾತು ಆ ಬಂಡೆಯ ಮೇಲಿದೆ. ಅಲ್ಲಿ ಹೇಳಿರುವುದು ಧರ್ಮದ ವಿಷಯ, ಪಹಣಿಯದಲ್ಲ, ಬಿಡಿ.

ದಾರಿ ಇಲ್ಲವೆಂದಲ್ಲ. ಆಂಧ್ರ 2011ರಲ್ಲೇ ಗೇಣಿ ರೈತರಿಗೆ ಬೇರೆ ಗುರುತಿನ ಚೀಟಿ ಕೊಡುವ ಕಾನೂನು ತಂದಿತು. 2019ರಲ್ಲಿ ಅದನ್ನು ಬದಲಿಸಿ, ಒಡೆತನಕ್ಕೆ ಕೈ ಹಚ್ಚದೆ 11 ತಿಂಗಳ ಬೆಳೆಹಕ್ಕಿಗೆ ಮಾತ್ರ ಕಾರ್ಡು ಮಾಡಿತು. 12ನೇ ಕಾಲಮ್ಮಿಗೂ ಹಾಗೆ, ಒಡೆತನಕ್ಕೆ ಸಂಬಂಧವೇ ಇಲ್ಲದ, ಹಂಗಾಮು ಮುಗಿದೊಡನೆ ಅಳಿಯುವ ಒಂದು ಸಾಲು ಸಾಕಾಗಿತ್ತು. ಆದರೆ ಆಂಧ್ರದ ಆ ಕಾರ್ಡಿಗೂ ಧಣಿಯ ಸಹಿ ಬೇಕು. ಸಹಿ ಹಾಕಿದರೆ ಹೊಲವೇ ಹೋದೀತೆಂಬ ಅಂಜಿಕೆ ಅಲ್ಲಿಯ ಧಣಿಗಳಿಗೂ ಉಂಟು.